ಸಾಲಿನಲ್ಲಿದ್ದ ಅವ್ವನ ಚಪ್ಪಲಿ

"ದುಡ್ಡಿಲ್ಲಾಂದ್ರೆ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡ್ಹೋಗ್ರಿ" ಅಂದುಬಿಟ್ಟರು ಇಂದಿರಾನಗರದ ಖಾಸಗಿ ಆಸ್ಪತ್ರೆಯವರು. ಕೈಮುಗಿದರೂ ಕೇಳಲಿಲ್ಲ. ಪ್ರಜ್ಞೆಯಿಲ್ಲದ ಅವ್ವನನ್ನು ಆಟೋದಲ್ಲಿ ಮಲಗಿಸಿಕೊಂಡು ಹೊರಟೆ. ನಡೆದುಕೊಂಡೇ ಒಳಹೋಗಿದ್ದ ಅವ್ವ ಐಸಿಯು ಬಾಗಿಲಲ್ಲಿ ಬಿಟ್ಟ ಚಪ್ಪಲಿ ಅಲ್ಲೇ ಉಳಿಯಿತು.

ಶಿವಾಜಿನಗರದಲ್ಲಿ ಆಗಷ್ಟೇ ಮಳೆ ನಿಂತಿತ್ತು. ಸರ್ಕಾರಿ ಆಸ್ಪತ್ರೆಯ ಚೀಟಿ ಕೊಡುವ ಸಾಲಿನಲ್ಲಿ ಜನ ತಮ್ಮ ಬದಲು ಚಪ್ಪಲಿ ಇಟ್ಟು, ಗೋಡೆಗೊರಗಿ ಕೂತಿದ್ದರು. ಎಲ್ಲಕ್ಕಿಂತ ಮುಂದಿದ್ದ ಜೋಡಿ ಅವ್ವನದು. ಕಿತ್ತ ಪಟ್ಟಿಗೆ ನಾನೇ ಹಾಕಿದ್ದ ಕೆಂಪು ಹೊಲಿಗೆ ಹಾಗೇ ಇತ್ತು.

ಪಕ್ಕದಲ್ಲಿದ್ದ ಬುರ್ಖಾದ ಹೆಂಗಸು ಹೇಳಿದಳು: "ಅದು ಒಬ್ರು ಅಜ್ಜೀದು ಅಕ್ಕಾ. ಮಗಳು ಬಂದ್ಲು, ಜಾಗ ನೋಡ್ಕೊಮ್ಮಾ ಅಂತ ಈಗ್ತಾನೆ ಗೇಟ್ ಕಡೆ ಹೋದ್ರು."

ಚಪ್ಪಲಿ ಮುಟ್ಟಿದೆ. ಬೆಚ್ಚಗಿತ್ತು.

ಗೇಟಿನಲ್ಲಿದ್ದ ಆಟೋಗೆ ಓಡಿ ಅವ್ವನ ಪಾದ ಹಿಡಿದೆ. ತಣ್ಣಗೆ ಕೊರೆಯುತ್ತಿತ್ತು. ಅಂಗಾಲಿನ ತುಂಬ ಹಸಿ ಕೆಸರು.