ಏರಿನಲ್ಲಿ ಕೈಕೊಟ್ಟ ಪಿಕಪ್

ಏರಿನ ನಡುವೆ ಪಿಕಪ್ ಅಡ್ಡಡ್ಡ ನಿಂತಿತ್ತು. ಹಿಂದಿನ ಚಕ್ರ ಚರಂಡಿಯಲ್ಲಿ. ರಸ್ತೆ ತುಂಬಾ ಒಡೆದ ಗಾಜು. ಕೈ ಮುರಿದುಕೊಂಡ ಚಾಲಕನನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು.

ಇನ್ಸ್‌ಪೆಕ್ಟರ್ ಜೀಪಿನಿಂದ ಇಳಿಯುವಷ್ಟರಲ್ಲಿ ಅವಳ ಅಣ್ಣ ಓಡಿಬಂದ. ಒಡೆದ ಗಾಜು ಅವನ ಅಂಗಡಿಯಿಂದ ಗಿರಾಕಿಯೊಬ್ಬನ ಕಿಟಕಿಗಳಿಗೆಂದು ಹೊರಟಿದ್ದ ಲೋಡು. ಗಾಡಿಯೂ ಅವನದೇ, ಅಪ್ಪ ಬಿಟ್ಟುಹೋದ ಹಳೇ ಡೀಸೆಲ್ ಪಿಕಪ್.

"ಆ ಮೆಕ್ಯಾನಿಕ್ ಮಾಡಿದ ಮನೆಹಾಳು ಕೆಲಸ ಇದು," ಅಂದ ಅಣ್ಣ. "ಹೋದ ವಾರ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ರಿಪೇರಿಗೆ ಬಿಟ್ಟಿದ್ದೆ. ಹೊಸದು ಹಾಕ್ತೀನಿ ಅಂತ ಯಾವುದೋ ಗುಜರಿ ಹಾಕಿದಾನೆ. ಇಂಜಿನ್ ಆಫ್ ಆದ್ರೆ ಈ ಗಾಡಿ ಬ್ರೇಕ್ ಕಲ್ಲಾಗುತ್ತೆ, ತುಳಿದ್ರೂ ಹಿಡಿಯಲ್ಲ, ಏರಲ್ಲಿ ಹಿಂದಕ್ಕೆ ಜಾರುತ್ತೆ. ನಿಂಗೇ ಗೊತ್ತಲ್ಲ."

ಅವಳಿಗೆ ಗೊತ್ತಿತ್ತು. ಅಣ್ಣನ ಮಾತೇ ಸಾಕಾಯಿತು. ಸ್ವಲ್ಪ ಹೊತ್ತಿನಲ್ಲೇ ಮೆಕ್ಯಾನಿಕ್ ಠಾಣೆಯ ಬೆಂಚಿನ ಮೇಲಿದ್ದ.

*

"ಬಿಚ್ಚಿ ನೋಡಿ ಮೇಡಂ, ಹೊಸದೇ ಹಾಕಿರೋದು," ಎಂದು ಅವನು ಬೇಡಿಕೊಂಡ. "ಗಿರಾಕಿಗಳೆಲ್ಲ ಗಾಡಿ ವಾಪಸ್ ತಗೊಂಡು ಹೋಗ್ತಿದಾರಂತೆ. ಹೀಗಾದ್ರೆ ಗ್ಯಾರೇಜಿಗೆ ಬೀಗ ಹಾಕ್ಬೇಕಾಗುತ್ತೆ."

"ಇಲ್ಲಿಗೆ ಬಂದವರೆಲ್ಲ ಹೀಗೇ ಹೇಳೋದು," ಅಂದಳು ಇನ್ಸ್‌ಪೆಕ್ಟರ್.

ಅವಳಿಗೆ ಚಾಲಕನ ಮೇಲೂ ಅನುಮಾನವಿತ್ತು. ಡೀಸೆಲ್ ಕದ್ದು ಮಾರುತ್ತಾನೆಂಬ ಗಾಳಿಸುದ್ದಿ ಕಿವಿಗೆ ಬಿದ್ದಿತ್ತು. ಆಸ್ಪತ್ರೆಗೆ ಹೋದವಳು ನೇರವಾಗಿ ಕೇಳಿದಳು.

"ಟ್ಯಾಂಕಿಗೆ ಕೈ ಹಾಕಿದ್ಯಾ?"

"ಹೇಗೆ ಹಾಕ್ಲಿ ಮೇಡಂ? ಮುಚ್ಚಳಕ್ಕೆ ಬೀಗ ಇದೆ. ಅದರ ಕೀ ನಿಮ್ಮಣ್ಣನ ಜೇಬು ಬಿಟ್ಟು ಬರಲ್ಲ."

"ಗಾಡಿ ಹೇಗೆ ನಿಲ್ತು?"

"ಮೊದ್ಲು ಸೇತುವೆ ಹತ್ರ ನಿಲ್ತು. ಒಂದು ಬೀಡಿ ಸೇದಿ ಮುಗಿಸೋಷ್ಟರಲ್ಲಿ ತಾನೇ ಸರಿಹೋಯ್ತು. ಏರಲ್ಲಿ ಮತ್ತೆ ಕೈಕೊಡ್ತು. ರಿಪೇರಿ ಆದ್ಮೇಲೆ ಕುದುರೆ ಥರ ಓಡ್ತಿತ್ತು. ಇವತ್ತೇ ಹೀಗಾಗಿದ್ದು."

ತಾನೇ ಸರಿಹೋಯಿತೇ? ಕೆಟ್ಟ ಇಂಜೆಕ್ಟರ್ ಸುಧಾರಿಸಿಕೊಂಡು ಎದ್ದು ಕೂರುವುದಿಲ್ಲ. ಈ ಕಾಯಿಲೆಯನ್ನು ಅವಳು ಚಿಕ್ಕಂದಿನಲ್ಲಿ ಒಮ್ಮೆ ನೋಡಿದ್ದಳು. ಇದೇ ಗಾಡಿಯಲ್ಲಿ.

*

ಪಿಕಪ್ಪನ್ನು ಠಾಣೆಯ ಅಂಗಳಕ್ಕೆ ಎಳೆದು ತಂದಿದ್ದರು. ಅವಳು ಅಂಗಿಯ ತೋಳು ಮೇಲಕ್ಕೆ ಮಡಚಿದಳು. ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ಪೈಪನ್ನು ಕಳಚಿ, ಅದರ ತುದಿಯನ್ನು ಡೀಸೆಲ್ ತುಂಬಿದ ಕ್ಯಾನಿಗೆ ಇಳಿಬಿಟ್ಟಳು. ಸ್ಟಾರ್ಟ್ ಮಾಡಿದಳು. ಇಂಜಿನ್ ಒಂದೇ ಸಮ ಓಡಿತು. ಎಷ್ಟು ಹೊತ್ತು ಆಕ್ಸಿಲರೇಟರ್ ತುಳಿದರೂ ಒಮ್ಮೆಯೂ ಮುಗ್ಗರಿಸಲಿಲ್ಲ.

ದೋಷ ಟ್ಯಾಂಕಿನಲ್ಲಿತ್ತು. ಇಂಜೆಕ್ಟರ್ ನಿರ್ದೋಷಿ. ಬೆಂಚಿನ ಮೇಲೆ ಕೂತವನೂ ನಿರ್ದೋಷಿ. ಇಷ್ಟನ್ನು ಬೆಳಿಗ್ಗೆಯೇ ನೋಡಬಹುದಿತ್ತು. ಮೆಕ್ಯಾನಿಕ್‌ಗೆ ಮನೆಗೆ ಹೋಗಲು ಹೇಳಿದಳು. ಹೇಳುವಾಗ ಅವನ ಮುಖ ನೋಡಲಾಗಲಿಲ್ಲ.

ಬೀಗ ಒಡೆಸಿ ಟ್ಯಾಂಕ್ ಬಸಿದಾಗ ತಳದಲ್ಲಿ ಒಂದು ಬಟ್ಟೆ ಸಿಕ್ಕಿತು. ಮಡಿಸಿ, ಮಡಿಕೆ ಬಿಚ್ಚಿಕೊಳ್ಳದಂತೆ ನಡುವೆ ಹೊಲಿಗೆ ಹಾಕಿದ ಬಟ್ಟೆ. ಗಾಜು ಒರೆಸುವಾಗ ಚೂರು ಮಡಿಕೆಯೊಳಗೆ ಸೇರಿ ಕೈ ಕುಯ್ಯದಿರಲೆಂದು ಅತ್ತಿಗೆ ಅಣ್ಣನ ಅಂಗಡಿಗೆ ಹೀಗೆ ಹೊಲಿದು ಕೊಡುತ್ತಿದ್ದಳು.

*

ಅಣ್ಣ ಅಂಗಡಿಯಲ್ಲಿ ಅದೇ ಗಿರಾಕಿಗೆ ಅವಸರದಿಂದ ಹೊಸ ಗಾಜು ಕತ್ತರಿಸುತ್ತಿದ್ದ. ಆ ಲೋಡಿನಲ್ಲಿ ಒಡೆಯದೆ ಉಳಿದಿದ್ದ ಒಂದೇ ಹಾಳೆಯನ್ನು ಅವಳು ತಂದು, ಅವನು ಕತ್ತರಿಸಿದ್ದರ ಪಕ್ಕದಲ್ಲಿ ಹಿಡಿದಳು. ಹಳೆಯದು ಎರಡು ಬೆರಳಿನಷ್ಟು ಹೆಚ್ಚು ಅಗಲವಿತ್ತು.

"ಅದೇ ಗಿರಾಕಿ, ಅದೇ ಕಿಟಕಿ. ಅಳತೆ ಯಾಕೆ ಬೇರೆ ಅಣ್ಣಾ?"

ಅವನ ಕೈ ನಿಂತಿತು. ಅವಳು ಒದ್ದೆ ಬಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಇಂಜಿನ್ ಓಡ್ವಾಗ ಡೀಸೆಲ್ ಜೊತೆ ಬಟ್ಟೇನೂ ಸೆಳ್ಕೊಂಡು ಪೈಪಿನ ಬಾಯಿ ಮುಚ್ಚುತ್ತೆ. ಇಂಜಿನ್ ನಿಂತ್ರೆ ಮೆಲ್ಲಗೆ ಬಿಟ್ಕೊಳ್ಳುತ್ತೆ. ಚಿಕ್ಕೋರಿದ್ದಾಗ ನಾವು ಟ್ಯಾಂಕಿಗೆ ಕರ್ಚೀಫ್ ಬೀಳಿಸಿ ಅಪ್ಪನ್ನ ಗೋಳು ಹೊಯ್ಕೊಂಡಿದ್ದು ಮರ್ತ್ಯಾ? ಮೆಕ್ಯಾನಿಕ್ ಹಾಕಿದ್ರೆ ಹೋದ ವಾರವೇ ನಿಲ್ತಿತ್ತು. ಡ್ರೈವರ್ ಹತ್ರ ಕೀ ಇಲ್ಲ. ಬಟ್ಟೆ ಈ ಅಂಗಡೀದು."

ಅಣ್ಣ ಸ್ಟೂಲಿನ ಮೇಲೆ ಕುಸಿದು ಕೂತ.

"ನನ್ನ ಅಳತೆ ತಪ್ಪಲ್ಲ ಅಂತ ಊರಿಗೆಲ್ಲ ಕೊಚ್ಕೊಂಡಿದ್ದೆ ಕಣೇ. ಇಡೀ ಲೋಡೇ ತಪ್ಪಾಗಿತ್ತು. ತುಂಬಿ ಆದ್ಮೇಲೆ ಗೊತ್ತಾಯ್ತು. ಗಿರಾಕಿ ಮುಂದೆ ಯಾವ ಮುಖ ಇಟ್ಕೊಂಡು ಹೇಳ್ಲಿ? ಗಾಡಿ ದಾರೀಲಿ ಕೆಟ್ಟು ನಿಂತ್ರೆ, ಅಷ್ಟರಲ್ಲಿ ಬೇರೆ ಕತ್ತರಿಸಿಡೋಣ ಅಂದ್ಕೊಂಡೆ. ಏರಲ್ಲಿ ನಿಲ್ಲುತ್ತೆ, ಡ್ರೈವರ್ ಕೈ ಮುರಿಯುತ್ತೆ ಅಂತ..."

"ಮೆಕ್ಯಾನಿಕ್ ಹೆಸರು ಯಾಕೆ ಎತ್ತಿದೆ?"

"ಬಾಯಿಗೆ ಬಂತು. ನೀನು ತಕ್ಷಣ ನಂಬಿಬಿಟ್ಟೆ."

ಅವಳಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಅಣ್ಣನನ್ನು ಜೀಪಿಗೆ ಹತ್ತಿಸಿದಳು.

*

ಜೀಪು ಠಾಣೆಗೆ ಹೋಗುವ ಮೊದಲು ಗ್ಯಾರೇಜಿನ ಮುಂದೆ ನಿಂತಿತು. ಒಳಗೆ ಒಂದು ಗಾಡಿಯೂ ಇರಲಿಲ್ಲ. ಮೆಕ್ಯಾನಿಕ್ ಟೈರೊಂದರ ಮೇಲೆ ಕೂತಿದ್ದ. ಅಣ್ಣ ಕೈಮುಗಿದು ನಿಂತ, ತಲೆ ಎತ್ತಲಿಲ್ಲ.

"ತಪ್ಪಾಯ್ತು," ಅಂದಳು ಇನ್ಸ್‌ಪೆಕ್ಟರ್, ಮೆಲುದನಿಯಲ್ಲಿ. "ನಿಮ್ಮದೇನೂ ತಪ್ಪಿಲ್ಲ."

ಅವನು ಎದ್ದು ಬೀದಿಯತ್ತ ನೋಡಿದ. ಅಂಗಡಿಯವರು ಆಗಲೇ ಬಾಗಿಲಿಗೆ ಬಂದು ನಿಂತಿದ್ದರು.

"ಬೆಳಿಗ್ಗೆ ಕಳ್ಳ ಅಂತ ಕೂಗ್ಕೊಂಡು ಕರ್ಕೊಂಡ್ಹೋದ್ರಿ ಮೇಡಂ. ಆ ಕೊನೇ ಅಂಗಡಿವರೆಗೂ ಕೇಳಿಸ್ತು. ಇದೂ ಅಲ್ಲೀವರೆಗೆ ಕೇಳಿಸ್ಲಿ."

ಅವಳು ಟೋಪಿ ತೆಗೆದು ಕೈಯಲ್ಲಿ ಹಿಡಿದು ಬೀದಿಯ ನಡುವೆ ಬಂದು ನಿಂತಳು. ಬೆಳಿಗ್ಗೆ ಅಷ್ಟು ಸಲೀಸಾಗಿ ಹೊರಟಿದ್ದ ದನಿ ಈಗ ಪಕ್ಕದ ಅಂಗಡಿಗೂ ಮುಟ್ಟಲಿಲ್ಲ. ಕೊನೆಯ ಅಂಗಡಿಯತ್ತ ತಿರುಗಿ ಮತ್ತೆ ಮೊದಲಿನಿಂದ ಶುರುಮಾಡಿದಳು.