ಗುಲಾಬಿ ಆವಿ, ಒಂದು ತಲೆಯಾಟ

"ಏಯ್! ಮುಚ್ಚಳ ಮುಟ್ಬೇಡ...!"

ನೆವೆನಾ ಓಡಿಬಂದು ಅವನ ಕಾಲರ್ ಹಿಡಿದು ಎಳೆದಳು. ಇಬ್ಬರೂ ಗುಲಾಬಿ ಮೂಟೆಗಳ ಮೇಲೆ ದೊಪ್ಪನೆ ಬಿದ್ದರು. ಅದೇ ಹೊತ್ತಿಗೆ ತಾಮ್ರದ ಹಂಡೆಯ ಸಂದಿಯಿಂದ ಆವಿ ಬುಸ್ಸೆಂದು ಚಿಮ್ಮಿತು!

"ಬದುಕಿದ್ದೀಯಾ?"

"ಗೊತ್ತಿಲ್ಲ... ಸ್ವರ್ಗದಲ್ಲೂ ಹಿಂಗೇ ಗುಲಾಬಿ ವಾಸನೆ ಇರುತ್ತಾ?"

ಅಬ್ಬಾ, ಇವನ ಕೊಬ್ಬೇ!

"ಹೆಸರೇನು?"

"ಕಾಮೆನ್."

"ನಮ್ಮ ಭಾಷೇಲಿ ಕಲ್ಲು ಅಂತ ಅರ್ಥ. ಆ ಹೆಸರಿಟ್ಕೊಂಡು ಆವಿ ಥರ ನುಗ್ತೀಯಲ್ಲ ಮಾರಾಯ!"

ಅವನು ಗುಲಾಬಿ ಎಣ್ಣೆ ತೆಗೆಯುವ ಆ ಭಟ್ಟಿಯ ಯಜಮಾನನ ಮೊಮ್ಮಗ. ಚಿಕ್ಕಂದಿನಲ್ಲೇ ವಿಯೆನ್ನಾ ಸೇರಿದವನು, ಈ ಸಲದ ಹೂವಿನ ಕಾಲಕ್ಕೆ ಅಜ್ಜನ ಸಹಾಯಕ್ಕೆ ಬಂದಿದ್ದ. ನೆವೆನಾ ಊರ ಶಾಲೆಯ ವಿಜ್ಞಾನದ ಟೀಚರ್. ಹೂವಿನ ಕಾಲದಲ್ಲಿ ಬೆಳಗ್ಗೆ ಭಟ್ಟಿಯಲ್ಲಿ ಎಣ್ಣೆ ಪರೀಕ್ಷಿಸುತ್ತಿದ್ದಳು.

ಮಕ್ಕಳಿಲ್ಲದೆ ಶಾಲೆ ಮುಚ್ಚಲಿತ್ತು. ಭಟ್ಟಿಗೂ ಇದೇ ಕೊನೆಯ ವರ್ಷ. ನೆವೆನಾಳ ಅಕ್ಕ ಸ್ಪೇನಿನಿಂದ ಕರೆಯುತ್ತಲೇ ಇದ್ದಳು.

'ಇರೋಕೆ ಒಂದೇ ಒಂದು ನೆಪ ಸಿಕ್ಕಿದ್ರೆ...'

ಸಿಕ್ಕಿತು. ನೀಲಿ ಕಣ್ಣಿನ, ತಲೆಹರಟೆ ನೆಪ!

"ಟೀಚರಮ್ಮಾ, ಈ ಎಣ್ಣೆ ಯಾಕೆ ಗಟ್ಟಿಯಾಯ್ತು?" ನೆಲಮಾಳಿಗೆಯ ತಂಪಿನಲ್ಲಿ ಶೀಶೆ ಹಿಡಿದು ಕೇಳಿದ ಒಂದು ದಿನ.

"ತಣ್ಣಗಿದೆಯಲ್ಲ. ಕಣಗಳೆಲ್ಲ ಒಂದನ್ನೊಂದು ಗಟ್ಟಿಯಾಗಿ ಹಿಡ್ಕೊಂಡಿವೆ. ಜಾಗ ಬಿಡಲ್ಲ."

"ಪಾಪ, ಅಲ್ಲಾಡೋದೇ ಇಲ್ವಾ?"

"ನಿಂತಲ್ಲೇ ನಡುಗ್ತಿರ್ತವೆ." ಶೀಶೆಯನ್ನು ಅಂಗೈಯಲ್ಲಿ ಬಿಸಿ ಮಾಡಿದಳು. ಎಣ್ಣೆ ಕರಗಿತು. "ಈಗ ನೋಡು, ಸಂತೆ ಜನದ ಥರ ಪಕ್ಕದವರನ್ನ ಸವರ್ಕೊಂಡು ಜಾರ್ತವೆ. ಆದ್ರೂ ಗುಂಪು ಬಿಡಲ್ಲ."

"ಆವಿಯಾದ್ರೆ?"

"ಯಾರಿಗೆ ಯಾರೂ ಇಲ್ಲ. ದೂರ ದೂರ. ಗುಂಡಿನ ಹಾಗೆ ನೆಟ್ಟಗೆ ಹೋಗೋದು, ಗುದ್ದೋದು, ಇನ್ನೆಲ್ಲೋ ತಿರುಗೋದು."

"ಅಷ್ಟು ವೇಗ ಇದ್ರೆ ನಿನ್ನ ಕೈಯ ವಾಸನೆ ನಂಗೆ ಥಟ್ಟಂತ ಬರಬೇಕಿತ್ತಲ್ಲ? ತಡವಾಗಿ ಬಂತು!"

"ದಾರಿಯುದ್ದಕ್ಕೂ ಗಾಳಿ ಕಣಗಳ ಹತ್ರ ಒದೆ ತಿನ್ಕೊಂಡು ಬರಬೇಕಲ್ಲ ಪೆದ್ದ!"

ಅವನು ನಕ್ಕ. ಅವಳ ಎದೆಯೊಳಗೆ ಏನೋ ನಿಂತಲ್ಲೇ ನಡುಗಿತು...

ಕೊನೆಯ ಹಂಡೆ ಕುದಿಯುತ್ತಿದ್ದ ದಿನ. ಆವಿಯ ಬುಸುಬುಸು ಸದ್ದಿನಲ್ಲಿ ನೆವೆನಾ ಇದ್ದಬದ್ದ ಧೈರ್ಯವೆಲ್ಲ ಸೇರಿಸಿ ಕೂಗಿದಳು: "ಕಾಮೆನ್! ನಾನು ಇಲ್ಲೇ ಉಳಿದ್ರೆ... ನೀನೂ ಇರ್ತೀಯಾ?"

ಅವನು ತಲೆಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸಿದ.

ಈ ಊರಲ್ಲಿ ತಲೆ ಅಡ್ಡಡ್ಡ ಆಡಿಸಿದರೆ 'ಹೌದು'. ಮೇಲೆ ಕೆಳಗೆ ಆಡಿಸಿದರೆ 'ಇಲ್ಲ'. ತೊಟ್ಟಿಲ ಕೂಸಿಗೂ ಗೊತ್ತು.

'ಎಷ್ಟು ಜೋರಾಗಿ ಇಲ್ಲ ಅಂದ... ಒಂಚೂರು ಯೋಚನೆನೂ ಮಾಡ್ಲಿಲ್ಲ!'

ಮುಖ ತಿರುಗಿಸಿ ಹೊರಟುಬಿಟ್ಟಳು. ಅಂದೇ ಅಕ್ಕನಿಗೆ ಬರುತ್ತೇನೆಂದಳು. ಅವನು ಬಾಗಿಲು ತಟ್ಟಿದಾಗ ತೆರೆಯಲಿಲ್ಲ. ಲಾರಿಯವರು ಹಂಡೆ ಹೊತ್ತೊಯ್ದರು. ಶಾಲೆಗೆ ಬೀಗ ಬಿತ್ತು.

ಹೊರಡುವ ದಿನ ಮಿನಿಬಸ್ಸಿನಲ್ಲಿ ಅವಳೊಬ್ಬಳೇ. ಕಾಮೆನ್ ಬಾಗಿಲಲ್ಲಿ ನಿಂತು ಎಣ್ಣೆಯ ಪುಟ್ಟ ಶೀಶೆ ಚಾಚಿದ. ನೆವೆನಾ ಅದನ್ನು ಇಸಿದುಕೊಂಡಳು.

"ಲೋ, ನೀನೂ ಬರ್ತೀಯೇನೋ?" ಡ್ರೈವರ್ ಪೆನ್ಚೋ ಕೇಳಿದ.

ಕಾಮೆನ್ ತಲೆಯನ್ನು ಅಡ್ಡಡ್ಡ ಆಡಿಸಿದ.

"ಮತ್ತೆ ಹತ್ತು!" ಪೆನ್ಚೋ ಅವನ ತೋಳು ಹಿಡಿದು ಒಳಗೆಳೆದ.

"ಅಯ್ಯೋ, ಬರಲ್ಲ ಅಂದ್ನಲ್ಲ ಅಣ್ಣಾ!"

"ಯಾವಾಗ ಅಂದೆ? ಈಗ ತಾನೆ ತಲೆ ಅಡ್ಡಡ್ಡ ಆಡಿಸ್ದೆ!"

"ಹಂಗಂದ್ರೆ ಇಲ್ಲ ಅಂತಲ್ವಾ?"

"ನಿಮ್ಮ ವಿಯೆನ್ನಾದಲ್ಲಿ ಇರ್ಬೋದು ಕಣೋ!"

ನೆವೆನಾಳ ಕೈಯಿಂದ ಶೀಶೆ ಜಾರಿತು.

"ಅವತ್ತು... ಹಂಡೆ ಹತ್ರ... ಮೇಲೆ ಕೆಳಗೆ ಆಡಿಸಿದ್ದು?"

"ಹೌದು ಅಂತ! ಇರ್ತೀನಿ ಅಂತ! ಆದ್ರೆ ನೀನು ಮುಖ ತಿರುಗಿಸ್ಕೊಂಡು ಹೋದೆ..."

"ಬಾಯಿ ಇರ್ಲಿಲ್ವಾ ನಿಂಗೆ?" ಅವನ ಎದೆಗೆ ಗುದ್ದಿದಳು. ಗುದ್ದುತ್ತಲೇ ಅತ್ತಳು.

"ಅಳೋದಾದ್ರೆ ಇಳಿದು ಅಳ್ರಪ್ಪಾ, ನಂಗೆ ಹೊತ್ತಾಯ್ತು!" ಎಂದ ಪೆನ್ಚೋ.

ಇಳಿದರು. ಬಸ್ಸು ಹೋಯಿತು. ಚೌಕದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಶಾಲೆ ಇಲ್ಲ, ಭಟ್ಟಿ ಇಲ್ಲ. ಏನಂತ ಇರೋದು ಕಾಮೆನ್?"

"ಗೊತ್ತಿಲ್ಲ."

"ಚಳಿಗಾಲದಲ್ಲಿ ಬ್ರೆಡ್ ವ್ಯಾನೂ ಬರಲ್ಲ. ನಾವಿಬ್ರೇ ಇದ್ದು ಈ ಊರು ಉಳಿಯುತ್ತಾ?"

"ಉಳಿಯಲ್ಲ."

"ಸುಳ್ಳಾದ್ರೂ ಹೇಳಬಾರ್ದಾ!"

"ನಿಂಗೆ ಹೇಳಲ್ಲ." ಅವಳ ಹಣೆಗೆ ಮುತ್ತಿಟ್ಟ. "ನಿನ್ನ ಪ್ರೀತಿಸ್ತೀನಿ ನೆವೆನಾ. ನನ್ನ ಹತ್ರ ಇರೋದು ಅದೊಂದೇ."

ಅವಳು ತನ್ನ ಸೂಟ್‌ಕೇಸನ್ನು ಅವನ ಕೈಗಿಟ್ಟಳು.

"ಬಾ. ಬೆಳಗ್ಗೆಯಿಂದ ಏನೂ ತಿಂದಿಲ್ಲ. ಈರುಳ್ಳಿ ಹೆಚ್ಚೋಕಾದ್ರೂ ಬರುತ್ತಾ?"

"ಬರುತ್ತೆ... ಅಳ್ತಾ ಹೆಚ್ತೀನಿ."

"ಹೆಚ್ಚು. ನಾನೂ ಪಕ್ಕದಲ್ಲೇ ನಿಂತಿರ್ತೀನಿ."