ಗೋಪುರದ ಬಾಗಿಲಲ್ಲಿ ಚಾಚಿದ ಕೈ

ಸೊಸೆ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಬಾಚಣಿಗೆ ಬಿತ್ತು, ಸೂಜಿದಾರದ ಡಬ್ಬಿ ಬಿತ್ತು, ಅತ್ತೆಯ ಮಂಡಿನೋವಿನ ಮುಲಾಮು ಬಿತ್ತು. ದೋಣಿಯ ನಾಲ್ಕು ಟಿಕೆಟ್ ಬೀಳಲಿಲ್ಲ.

“ಇನ್ನು ಹದಿನಾಲ್ಕು ನಿಮಿಷ,” ಎಂದರು ಚಿಕ್ಕಮಾವ. ರೈಲ್ವೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು, ಹೊತ್ತು ಹೇಳದೆ ಉಸಿರಾಡುತ್ತಿರಲಿಲ್ಲ.

ನಾಲ್ಕಕ್ಕೆ ಹೊರಡುವುದೇ ಕೊನೆಯ ದೋಣಿ. ಸೀಟು ಪೂರಾ ಭರ್ತಿ. ನಾಳೆ ಬೆಳಗ್ಗೆ ಊರಿಗೆ ರೈಲು.

ಎರಡು ದಿನದಲ್ಲಿ ಮ್ಯೂಸಿಯಂ, ಕೋಟೆಗೋಡೆ, ಗಡಿಯಾರದ ಗೋಪುರ ಎಲ್ಲ ನೋಡಿ ಮುಗಿಸಿದ್ದರು. ಆದರೆ ಅತ್ತೆ ಮನೆ ಬಿಟ್ಟು ಬಂದದ್ದೇ ದೋಣಿಗಾಗಿ. ಅರವತ್ತೈದು ವರ್ಷ ಹೊಳೆಯನ್ನು ಬರೀ ಬಸ್ಸಿನ ಕಿಟಕಿಯಿಂದ ಕಂಡವರು. ಈಗ ಕಟ್ಟೆಯ ಮೇಲೆ ಕೂತು, ದೋಣಿಯನ್ನೇ ನೋಡುತ್ತ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದರು. ಅದನ್ನು ಕಂಡು ಸೊಸೆಯ ಪಿತ್ತ ನೆತ್ತಿಗೇರಿತು.

ಮೊದಲು ಸಿಕ್ಕಿದ್ದು ಗಂಡ.

“ರೀ, ಎಲ್ಲಿ ಬಚ್ಚಿಟ್ಟಿದೀರಿ?”

“ನಾನ್ಯಾಕೆ ಬಚ್ಚಿಡ್ಲಿ?”

“ಬೆಳಗ್ಗೆಯಿಂದ ದೋಣಿ ಬೇಡ, ದೋಣಿ ಬೇಡ ಅಂತ ರಾಗ ಎಳೀತಿರೋದು ಯಾರು? ದಿನಾ ಮೂವತ್ತು ತಲೆಗೆ ನೀರು ಚಿಮುಕಿಸೋ ಕ್ಷೌರಿಕನಿಗೆ ನೀರಂದ್ರೆ ಭಯ!”

“ಚಿಮುಕಿಸೋ ನೀರಲ್ಲಿ ಯಾರಾದ್ರೂ ಮುಳುಗ್ತಾರೇನೇ?” ಅವನು ಜೇಬುಗಳನ್ನು ಹೊರಗೆಳೆದು ತೋರಿಸಿದ. ಖಾಲಿ. “ಹೆದರ್ತೀನಿ, ನಿಜ. ಹಾಗಂತ ಅಮ್ಮನ ಆಸೆಗೆ ಕಲ್ಲು ಹಾಕ್ತೀನಾ?”

ಅದೂ ಸರಿಯೇ. ಆಗ ಅವಳಿಗೆ ಇನ್ನೊಂದು ನೆನಪಾಯಿತು.

“ಅತ್ತೆ, ಟಿಕೆಟ್ ಮೇಲಿನ ದೋಣಿ ಚಿತ್ರ ನೋಡ್ತೀನಿ ಅಂತ ಗೋಪುರದ ಮೇಲೆ ಇಸ್ಕೊಂಡ್ರಲ್ಲ?”

“ಹೌದು ಕಣೇ. ಕೈಯಲ್ಲೇ ಹಿಡ್ಕೊಂಡು ಇಳಿದೆ. ಬಾಗಿಲಲ್ಲಿ ಕೊಟ್ಟುಬಿಟ್ಟೆ.”

“ಯಾರಿಗೆ?”

“ಅಲ್ಲಿ ನಿಂತಿದ್ದೋನಿಗೆ. ಬಾಯಿಬಿಟ್ಟು ಕೇಳಲಿಲ್ಲ, ಕೈ ಚಾಚಿದ. ಮುಂದೆ ಹೋಗ್ತಿದ್ದೋರೆಲ್ಲ ಕೊಡ್ತಿದ್ರು—ನಾನೂ ಕೊಟ್ಟೆ.”

“ಮುಖ ಹೇಗಿತ್ತು?”

“ಕತ್ತಲೆ ಮೆಟ್ಟಿಲಿಳಿದು ಬಿಸಿಲಿಗೆ ಬಂದಿದ್ದೆ, ಕಣ್ಣು ಕುಕ್ತಿತ್ತು. ಕೈ ಒಂದೇ ಕಂಡಿದ್ದು.”

ಗೋಪುರದಲ್ಲಿ ಟಿಕೆಟ್ ನೋಡುವುದು ಒಳಹೋಗುವಾಗ. ಹೊರಬರುವ ಬಾಗಿಲಲ್ಲಿ ಯಾರೂ ಇರುವುದಿಲ್ಲ.

“ಮೋಸ! ಹಾಡಹಗಲೇ ಮೋಸ!” ಚಿಕ್ಕಮಾವ ಸಿಡಿದರು. “ಅವನನ್ನ ಹಿಡಿದು ನಾಲ್ಕು ಬಾರಿಸ್ಬೇಕು!”

“ನಾವಿಬ್ರು ಕೊನೆಗೆ ಇಳಿದ್ವಿ. ನೀವು ಎಲ್ಲರಿಗಿಂತ ಮುಂಚೆ ಇಳಿದಿದ್ರಲ್ಲ ಚಿಕ್ಕಮಾವ, ಅವನನ್ನ ನೋಡ್ಲಿಲ್ವಾ?”

“ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ಆದ್ರೆ ಕತ್ತೆತ್ತಿ ಗೋಪುರದ ಗಡಿಯಾರಕ್ಕೂ ನನ್ನ ವಾಚಿಗೂ ತಾಳೆ ನೋಡ್ತಿದ್ದೆ. ಎರಡು ನಿಮಿಷ ಹಿಂದಿದೆ ಕಣಮ್ಮ, ನಾಚಿಕೆಗೇಡು!”

ಸೊಸೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. ತುಟಿ ಕಚ್ಚಿ ನಗು ತಡೆದಳು.

“ಚಿಕ್ಕಮಾವ, ಆ ಕೋಟು ಹೊಲಿದವಳು ನಾನು. ಬೆಳಗ್ಗೆ ನೀವು ತೊಟ್ಟಾಗ ಎರಡೂ ಕಡೆ ಅಂಚು ಸಮ ಇತ್ತು. ಈಗ ಬಲಗಡೆ ಎರಡು ಬೆರಳಷ್ಟು ಜೋತುಬಿದ್ದಿದೆ. ಎಲ್ಲರೂ ಚೀಲ ನೋಡಿದ್ವಿ, ಅದನ್ನ ಯಾರೂ ನೋಡ್ಲಿಲ್ಲ. ಜೇಬಲ್ಲಿ ಏನಿದೆ?”

“ಏನಿರುತ್ತೆ—” ಎನ್ನುತ್ತ ಕೈಹಾಕಿದವರು ಕಲ್ಲಾದರು.

ಹೊರಬಂದದ್ದು ದಪ್ಪ ರಟ್ಟಿನ ಟಿಕೆಟ್‌ಗಳ ಕಂತೆ. ಗೋಪುರದವು ಐವತ್ತೋ ಅರವತ್ತೋ, ಅಂಚಿಗೆ ಅಂಚು ಕೂಡಿಸಿ ಜೋಡಿಸಿದ್ದವು. ನಡುವೆ ದೋಣಿಯವು ನಾಲ್ಕು.

“ಕಳ್ಳ ಸಿಕ್ಕ!” ಸೊಸೆ ನಕ್ಕುಬಿಟ್ಟಳು. “ಮೂವತ್ತನಾಲ್ಕು ವರ್ಷ ನೀವು ಮಾಡಿದ್ದೇನು? ಸ್ಟೇಷನ್ ಗೇಟಲ್ಲಿ ನಿಂತು ಹೊರಗೆ ಹೋಗೋರ ಟಿಕೆಟ್ ಇಸ್ಕೊಂಡಿದ್ದು. ಇವತ್ತು ಸಿಕ್ಕಿದ್ದೂ ಅಂಥದೇ ಇಕ್ಕಟ್ಟಿನ ಬಾಗಿಲು, ಸಾಲಾಗಿ ಬರೋ ಜನ. ಕಣ್ಣು ಗಡಿಯಾರದ ಮೇಲಿತ್ತು—ಕೈ ಅದರ ಪಾಡಿಗೆ ಡ್ಯೂಟಿ ಮಾಡ್ತು!”

“ಆದ್ರೆ ಎಲ್ಲದರ ಮೂಲೆ ಹರಿದಿದೆ,” ಎಂದ ಗಂಡ. ದನಿಯಲ್ಲಿ ಆಸೆ ಇಣುಕಿತು. “ಹರಿದ ಟಿಕೆಟ್ ನಡೆಯಲ್ಲ, ಅಲ್ವಾ?”

ಚಿಕ್ಕಮಾವ ಎಡಜೇಬಿಗೆ ಕೈಹಾಕಿ ಒಂದು ಹಿಡಿ ಚೂರು ತೆಗೆದರು. “ಪ್ಲಾಟ್‌ಫಾರ್ಮ್ ಮೇಲೆ ಕಸ ಬಿಸಾಕಿದವನಲ್ಲ ನಾನು,” ಎಂದರು, ತಲೆ ತಗ್ಗಿಸಿಯೇ.

ದೋಣಿಯ ಬಳಿ ಟಿಕೆಟ್ ನೋಡುತ್ತಿದ್ದ ಹೆಂಗಸು ನಾಲ್ಕು ಚೂರನ್ನು ನಾಲ್ಕು ಟಿಕೆಟ್ಟಿಗೆ ಕೂಡಿಸಿ ನೋಡಿದಳು. ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಹತ್ತಿ, ಹತ್ತಿ!”

ಅತ್ತೆ ಎಲ್ಲರಿಗಿಂತ ಮುಂದೆ ಕೂತರು. ನೀರಿಗೆ ಕೈ ಇಳಿಬಿಟ್ಟು, ಮಗನ ಮುಖಕ್ಕೆ ಎರಚಿ, ಚಿಕ್ಕ ಹುಡುಗಿಯ ಹಾಗೆ ಕೇಕೆ ಹಾಕಿದರು. ಕ್ಷೌರಿಕ ಕಣ್ಣು ಮುಚ್ಚಿ ಹೆಂಡತಿಯ ತೋಳು ಬಿಗಿಹಿಡಿದಿದ್ದ.

ಆಚೆ ದಡ ಬಂತು. ಮೊದಲು ಇಳಿದವರು ಚಿಕ್ಕಮಾವ. ಹಲಗೆಯ ತುದಿಯಲ್ಲಿ ನಿಂತು ವಾಚು ನೋಡಿಕೊಂಡರು. ಬಲಗೈ ಮೆಲ್ಲಗೆ ಮೇಲೆದ್ದಿತು.

“ಲೋ, ಚಿಕ್ಕಪ್ಪನ ಕೈ ಹಿಡ್ಕೊಳ್ಳೋ!” ಅತ್ತೆ ಕೂಗಿದರು.

ಅಷ್ಟರಲ್ಲಿ ಮೂರು ಜನ ಟಿಕೆಟ್ ಕೊಟ್ಟಾಗಿತ್ತು.